ಹ್ಯಾನ್ಸನ್ ಅಣ್ಣತಮ್ಮಂದಿರ ಎರಡನೇ ಆಲ್ಬಂ ಯಾಕೆ ಓಡಲಿಲ್ಲ?

ಕ್ಯಾಸೆಟ್_ಕಾಲ (ಶನಿವಾರ, ರಾತ್ರಿ 9.40)

ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸುವಾಗ ಒಂದು ಶೂ ಡಬ್ಬಿ ಸಿಕ್ಕಿತು. ಒಳಗೆ ಹದಿನೇಳು ಕ್ಯಾಸೆಟ್. ರಾಜ್‌ಕುಮಾರ್ ಭಕ್ತಿಗೀತೆ, ಎರಡು ಭಾವಗೀತೆ, ಮದುವೆಯಾಗಿ ಹೋಗುವಾಗ ಅಕ್ಕ ಬಿಟ್ಟುಹೋದ ಬ್ಯಾಕ್‌ಸ್ಟ್ರೀಟ್ ಬಾಯ್ಸ್, ತೀರಾ ಕೆಳಗೆ ಅಮೆರಿಕದ ಮೂವರು ಅಣ್ಣತಮ್ಮಂದಿರ ಬ್ಯಾಂಡ್ ಹ್ಯಾನ್ಸನ್‌ದು ಎರಡು. ಒಂದು 1997ರ ‘ಮಿಡಲ್ ಆಫ್ ನೋವೇರ್’. ಇನ್ನೊಂದು 2000ದ ‘ದಿಸ್ ಟೈಮ್ ಅರೌಂಡ್’. ಮೊದಲನೆಯದರ ಮೇಲಿನ ಅಕ್ಷರ ಬೆರಳು ತಾಗಿ ತಾಗಿ ಅಳಿಸಿಹೋಗಿದೆ. ಎರಡನೆಯದು ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಅಂದರೆ ಅದನ್ನು ನಾನು ಕೇಳಿಯೇ ಇಲ್ಲ ಅಂತಲೇ ಲೆಕ್ಕ.

ಹಳೇ ಟೇಪ್ ರೆಕಾರ್ಡರ್‌ಗೆ ಹಾಕಿದೆ. ಬಾವಿಯೊಳಗೆ ಕೂತು ಹಾಡಿದ ಹಾಗೆ ಸದ್ದು ಬಂತು. ಕೊನೆಗೆ ಫೋನಿನಲ್ಲೇ ಹುಡುಕಿ ಕೇಳಿದೆ. ಅಲ್ಲ, ಎಷ್ಟು ಚೆನ್ನಾಗಿದೆ ಮಾರಾಯ್ರೆ! ಹೆಸರಿನ ಹಾಡು ಪಿಯಾನೋದಲ್ಲಿ ಶುರುವಾಗುತ್ತದೆ. ಹಾಡುವ ಟೇಲರ್‌ನ ಗಂಟಲು ಒಡೆದು ದಪ್ಪಗಾಗಿದೆ. ‘ಇಫ್ ಓನ್ಲಿ’ ಹಾಡಿನಲ್ಲಿ ಮೌತ್ ಆರ್ಗನ್ ನುಗ್ಗಿ ಬರುವುದನ್ನು ಕೇಳಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದೆ.

ಆಗ ನನಗೆ ಹದಿನಾಲ್ಕು. ಒಂದು ಸಲ ಕೇಳಿ ‘ಬೋರು’ ಅಂತ ಎತ್ತಿಟ್ಟಿದ್ದು ನೆನಪಿದೆ. ಮೊದಲನೇ ಆಲ್ಬಂಗೆ ಕುಣಿದ ಜಗತ್ತೆಲ್ಲ ಎರಡನೆಯದಕ್ಕೆ ಹೀಗೇ ಮಾಡಿತು. ಹುಡುಗರು ಬೆಳೆದರು, ಹಾಡೂ ಬೆಳೆಯಿತು, ಸರಿ. ಕೇಳುವವರು ಎಲ್ಲಿ ಹೋದರು? ತಪ್ಪು ಅವರದ್ದಾ, ಕಂಪನಿಯದ್ದಾ, ನನ್ನಂಥವರದ್ದಾ?

ಕಾಫಿ_ಬೈಟು (9.52)

ಹ್ಯಾನ್ಸನ್ ಅಂದ್ರೆ ಆ ಬಂಗಾರದ ಕೂದಲಿನ ಮೂರು ಹುಡುಗಿಯರು ತಾನೇ?

ಕ್ಯಾಸೆಟ್_ಕಾಲ (9.55)

ಹುಡುಗರು ಸ್ವಾಮಿ. ಮೂವರೂ ಹುಡುಗರು. 1997ರಿಂದ ಇದೇ ಜೋಕು.

ಬೇಸ್_ಗಿಟಾರ್ (10.03)

ಎರಡನೆಯದಲ್ಲ, ಅದು ಐದನೆಯದು. ಒಕ್ಲಹೋಮದ ಟಲ್ಸಾ ಊರಲ್ಲಿದ್ದಾಗಲೇ ಸ್ವಂತವಾಗಿ ‘ಬೂಮರಾಂಗ್’ (1995), ‘ಮ್‌ಬಾಪ್’ (1996) ಅಂತ ಎರಡು ತಂದಿದ್ದರು. ಆಮೇಲೆ ಮರ್ಕ್ಯುರಿ ಕಂಪನಿಯಲ್ಲಿ ‘ಮಿಡಲ್ ಆಫ್ ನೋವೇರ್’. ಅದೇ ವರ್ಷ ಒಂದು ಕ್ರಿಸ್‌ಮಸ್ ಆಲ್ಬಂ. ನಂತರ ಇದು. ಲೆಕ್ಕ ತಪ್ಪಿದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಹೇಳಿದೆ.

ಕ್ಯಾಸೆಟ್_ಕಾಲ (10.05)

ತಪ್ಪಾಯ್ತು ಸಾರ್. ಈಗ ಮಲಗಿ.

ಜಯನಗರ_ನಾಲ್ಕನೇ_ಬ್ಲಾಕ್ (10.20)

ಓಡಲಿಲ್ಲ ಯಾಕೆಂದರೆ ಓಡುವಂಥದ್ದಾಗಿರಲಿಲ್ಲ. ಈ ಹದಿಹರೆಯದ ಬ್ಯಾಂಡುಗಳದ್ದೆಲ್ಲ ಒಂದೇ ಕಥೆ. ಮೊದಲು ಹಲ್ಲು ಕಿರಿದು ಫೋಟೋ. ಮೂರು ವರ್ಷ ಬಿಟ್ಟು ಕಪ್ಪು ಬಟ್ಟೆ, ಗಂಟುಮುಖ, ‘ನಾವೀಗ ದೊಡ್ಡವರಾಗಿದ್ದೇವೆ’ ಅಂತ ಸಂದರ್ಶನ. ನ್ಯೂ ಕಿಡ್ಸ್ ಆನ್ ದ ಬ್ಲಾಕ್ ನೋಡಿ. ಹೆಸರಿನಲ್ಲಿ ‘ಕಿಡ್ಸ್’ ಇರುವುದೇ ನಾಚಿಕೆ ಅನ್ನಿಸಿ ಎನ್‌ಕೆಒಟಿಬಿ ಅಂತ ಮಾಡಿಕೊಂಡರು. 1994ರಲ್ಲಿ ಗಟ್ಟಿ ದನಿಯ ಆಲ್ಬಂ ತಂದರು. ಯಾರೂ ಮೂಸಿ ನೋಡಲಿಲ್ಲ. ಅದೇ ವರ್ಷ ಮನೆಗೆ ಹೋದರು.

ಬಾಯ್ ಬ್ಯಾಂಡ್ ಬಾಯ್ ಬ್ಯಾಂಡೇ. ಮೀಸೆ ಬಂದರೆ ಬೇರೆ ಆಗಲ್ಲ.

ಡ್ರಮ್ಮರ್_ಹುಬ್ಬಳ್ಳಿ (10.31)

ಜಯನಗರದವರೇ, ಸ್ವಲ್ಪ ತಡೆಯಿರಿ. ಬಾಯ್ ಬ್ಯಾಂಡ್ ಅಂದರೆ ಹಿಂದೆ ಟ್ರ್ಯಾಕ್ ಹಾಕಿಕೊಂಡು ಮುಂದೆ ಕುಣಿಯುವವರು. ಇವರು ವಾದ್ಯ ಹಿಡಿದವರು. ದೊಡ್ಡವನು ಐಸಾಕ್ ಗಿಟಾರು, ನಡುವಿನವನು ಟೇಲರ್ ಕೀಬೋರ್ಡು, ಚಿಕ್ಕವನು ಜಾಕ್ ಡ್ರಮ್ಸು. ‘ಮಿಡಲ್ ಆಫ್ ನೋವೇರ್’ನ ‘ಮ್‌ಬಾಪ್’ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಜಾಕ್‌ಗೆ ಹನ್ನೊಂದು ವರ್ಷ. ನಾನು ಹನ್ನೊಂದರಲ್ಲಿ ಅವ್ವನ ಸ್ಟೀಲ್ ಡಬ್ಬಿ ಬಾರಿಸಿ ಬೈಸಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ‘ದಿಸ್ ಟೈಮ್ ಅರೌಂಡ್’ನಲ್ಲಿ ಅತಿಥಿಯಾಗಿ ಗಿಟಾರು ಬಾರಿಸಿದವನು ಜಾನಿ ಲ್ಯಾಂಗ್. ಬ್ಲೂಸ್ ಹುಡುಗ. ಅವನ ‘ಲೈ ಟು ಮಿ’ ಆಲ್ಬಂ ಬಂದಿದ್ದು 1997ರ ಜನವರಿಯಲ್ಲಿ, ಹದಿನಾರು ತುಂಬುವ ಹಿಂದಿನ ದಿನ. ಐಸಾಕ್‌ಗಿಂತ ಎರಡೇ ತಿಂಗಳು ಚಿಕ್ಕವನು. ಇಬ್ಬರಿಗೂ ಒಂದೇ ವಯಸ್ಸು, ಇಬ್ಬರ ಆಲ್ಬಮ್ಮೂ ಒಂದೇ ವರ್ಷದ್ದು. ಲ್ಯಾಂಗ್‌ಗೆ ‘ಅದ್ಭುತ ಪ್ರತಿಭೆ’ ಅಂದರು. ಇವರಿಗೆ ‘ಟೀನ್ ಪಾಪ್’ ಅಂದರು. ಒಬ್ಬ ದೊಡ್ಡವರ ಸಂಗೀತ ಬಾರಿಸಿದ, ಇನ್ನೊಬ್ಬರು ತಮ್ಮ ವಯಸ್ಸಿನ ಸಂಗೀತ ಬಾರಿಸಿದರು. ಅಷ್ಟೇ ವ್ಯತ್ಯಾಸ. ವಯಸ್ಸಿಗೆ ತಕ್ಕ ಹಾಗೆ ಹಾಡಿದ್ದೇ ತಪ್ಪಾಯಿತಾ?

ಜಯನಗರ_ನಾಲ್ಕನೇ_ಬ್ಲಾಕ್ (10.38)

‘ಮಿಡಲ್ ಆಫ್ ನೋವೇರ್’ನಲ್ಲಿ ಬಾಡಿಗೆ ವಾದ್ಯಗಾರರು ಇದ್ದರು. ಪಟ್ಟಿ ತೆಗೆದು ನೋಡಿ. ಹಾಡು ಬರೆಯಲೂ ಹೊರಗಿನ ದೊಡ್ಡ ಕೈಗಳು.

ಬೇಸ್_ಗಿಟಾರ್ (10.49)

ಇಲ್ಲ, ಇನ್ನೂ ಮಲಗಿಲ್ಲ.

ಇದ್ದರು, ಒಪ್ಪೋಣ. ‘ಐ ವಿಲ್ ಕಮ್ ಟು ಯು’ಗೆ ಬ್ಯಾರಿ ಮ್ಯಾನ್, ಸಿಂಥಿಯಾ ವೈಲ್ ದಂಪತಿ ಕೈಜೋಡಿಸಿದ್ದಾರೆ. ‘ವಿಯರ್ಡ್’ಗೆ ಡೆಸ್ಮಂಡ್ ಚೈಲ್ಡ್. ಆದರೆ ‘ಮ್‌ಬಾಪ್’ ಈ ಮೂವರದ್ದೇ. ಅದರ ನಿರ್ಮಾಣ ಮಾಡಿದ ಡಸ್ಟ್ ಬ್ರದರ್ಸ್ ಅದಕ್ಕೆ ಹಿಂದಿನ ವರ್ಷವಷ್ಟೇ ಬೆಕ್ ಅನ್ನುವ ಗಾಯಕನ ‘ಓಡಿಲೇ’ ಆಲ್ಬಂ ಮಾಡಿದವರು. ಅದಕ್ಕೂ ಮೊದಲು ಹಿಪ್‌ಹಾಪ್ ತಂಡ ಬೀಸ್ಟಿ ಬಾಯ್ಸ್ ಜೊತೆ ಕೆಲಸ. ಅವರೇನು ಮಕ್ಕಳ ಸಂಗೀತದವರಾ? ಆ ವರ್ಷದ ಕೊನೆಗೆ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ವರ್ಷದ ಸಿಂಗಲ್‌ಗಳಲ್ಲಿ (ಬಿಡಿಯಾಗಿ ಬಿಡುಗಡೆಯಾದ ಹಾಡುಗಳಲ್ಲಿ) ಮೊದಲು ಬಂದಿದ್ದು ಇದೇ ಹಾಡು. ಗ್ರ್ಯಾಮಿಗೆ ಮೂರು ನಾಮನಿರ್ದೇಶನ ಬೇರೆ. ಒಂದೂ ಬರಲಿಲ್ಲ, ಅದು ಬಿಡಿ.

ತಮಾಷೆ ಏನೆಂದರೆ, ‘ದಿಸ್ ಟೈಮ್ ಅರೌಂಡ್’ನಲ್ಲಿ ಎಲ್ಲ ಹಾಡೂ ಅವರದ್ದೇ. ಹೊರಗಿನ ಕೈ ಬಿಟ್ಟ ಮೇಲೆ ಹೊರಗಿನ ಜನವೂ ಬಿಟ್ಟರು.

ಸುಮ್ನೆ_ಓದುವವಳು (10.55)

ಕೊನೇ ಸಾಲು 👌

ತುಂಗಾತೀರ (11.10)

ಎಲ್ಲರೂ ಹಾಡಿನ ಮೇಲೆ ಬಿದ್ದಿದ್ದೀರಿ. ನಾನು ಹಣದ ಕಡೆಯಿಂದ ಹೇಳುತ್ತೇನೆ.

ಇವರನ್ನು ಸೇರಿಸಿಕೊಂಡಿದ್ದು ಮರ್ಕ್ಯುರಿ. ಅದರ ಒಡೆಯ ಪಾಲಿಗ್ರಾಂ. 1998ರಲ್ಲಿ ಸೀಗ್ರಾಂ ಕಂಪನಿ (ಹೌದು, ಅದೇ ವಿಸ್ಕಿಯವರು) ಪಾಲಿಗ್ರಾಂ ಅನ್ನೇ ಕೊಂಡು ಯೂನಿವರ್ಸಲ್ ಜೊತೆ ಸೇರಿಸಿತು. ಒಳಗೆ ಎಲ್ಲ ಅದಲು ಬದಲು. ನಮ್ಮ ಹುಡುಗರು ಹೋಗಿ ಬಿದ್ದಿದ್ದು ಐಲ್ಯಾಂಡ್ ಡೆಫ್ ಜಾಮ್ ಲೆಕ್ಕಕ್ಕೆ. ಡೆಫ್ ಜಾಮ್ ಅಂದರೆ ಹಿಪ್‌ಹಾಪ್ ಮನೆ. ಟಲ್ಸಾದ ಮೂರು ಅಣ್ಣತಮ್ಮಂದಿರು ಪಿಯಾನೋ ಹಿಡಿದು ಅಲ್ಲಿ ನಿಂತರೆ ಹೇಗಿರುತ್ತದೆ? ಮಗಳನ್ನು ಕೊಟ್ಟ ಮನೆ ಪಾಲಾಗಿ, ಗುರುತೇ ಇಲ್ಲದ ಓರಗಿತ್ತಿಯ ಅಡುಗೆಮನೆಗೆ ಬಂದ ಹಾಗೆ.

ಆಲ್ಬಂ ಬಂದಿದ್ದು 2000ದ ಮೇ 9ಕ್ಕೆ. ಆ ಋತುವನ್ನು ನೋಡಿ. ಮಾರ್ಚ್‌ನಲ್ಲಿ ಎನ್‌ಸಿಂಕ್ ಅನ್ನುವ ಬಾಯ್ ಬ್ಯಾಂಡಿನ ಆಲ್ಬಂ ಒಂದೇ ವಾರದಲ್ಲಿ ಅಮೆರಿಕದಲ್ಲಿ 24 ಲಕ್ಷ ಮಾರಾಟವಾಗಿತ್ತು. ಇವರ ನಂತರದ ವಾರವೇ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್‌ಳ ಎರಡನೇ ಆಲ್ಬಂ. ಅದರ ಮುಂದಿನ ವಾರ ರ‍್ಯಾಪರ್ ಎಮಿನೆಮ್. ಚಿಕ್ಕ ಮಕ್ಕಳು ಬ್ರಿಟ್ನಿ ಕಡೆ, ದೊಡ್ಡ ಹುಡುಗರು ಎಮಿನೆಮ್ ಕಡೆ. ಮಧ್ಯದಲ್ಲಿ ನಿಂತವರ ಹತ್ತಿರ ಯಾರು ಬರುತ್ತಾರೆ? ‘ಮಿಡಲ್ ಆಫ್ ನೋವೇರ್’ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 2ರವರೆಗೆ ಏರಿತ್ತು. ಇದು 19ಕ್ಕೇ ನಿಂತಿತು. ಪ್ರವಾಸಕ್ಕೆ ಕಂಪನಿ ದುಡ್ಡು ನಿಲ್ಲಿಸಿತು. ಇವರು ಸ್ವಂತ ಜೇಬಿನಿಂದ ಹಾಕಿ ಊರೂರು ತಿರುಗಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಆಲ್ಬಂಗೆ ಎಂಬತ್ತಕ್ಕೂ ಹೆಚ್ಚು ಹಾಡು ಬರೆದು ಕೊಟ್ಟರು. ಕಂಪನಿಯವರು ‘ಇದರಲ್ಲಿ ಸಿಂಗಲ್ ಇಲ್ಲ’ ಅಂತ ವಾಪಸ್ ಕಳಿಸುತ್ತಲೇ ಇದ್ದರು. ಅದರ ಬಗ್ಗೆ ಇವರೇ ‘ಸ್ಟ್ರಾಂಗ್ ಇನಫ್ ಟು ಬ್ರೇಕ್’ ಅಂತ ಸಾಕ್ಷ್ಯಚಿತ್ರ ಮಾಡಿದ್ದಾರೆ. ನೋಡಿ. ಒಂದು ಹಂತದಲ್ಲಿ ನಮಗೇ ಎದ್ದು ಹೋಗಿ ಒಪ್ಪಂದದ ಕಾಗದ ಹರಿದು ಹಾಕೋಣ ಅನ್ನಿಸುತ್ತದೆ. 2003ರಲ್ಲಿ ಹೊರಬಂದು 3ಸಿಜಿ ಅಂತ ಸ್ವಂತ ಕಂಪನಿ ತೆರೆದರು. 2004ರಲ್ಲಿ ‘ಅಂಡರ್‌ನೀತ್’. ಸ್ವತಂತ್ರ ಆಲ್ಬಂಗಳ ಪಟ್ಟಿಯಲ್ಲಿ ಅದು ಮೊದಲನೆಯದು.

ಅಂದಹಾಗೆ 3ಸಿಜಿ ಅಂದರೆ ‘ತ್ರೀ ಕಾರ್ ಗರಾಜ್’. ಶುರುವಿನ ದಿನದ ಹಾಡುಗಳನ್ನು ಸೇರಿಸಿ ತಂದ ಆಲ್ಬಮ್ಮಿಗೂ ಅದೇ ಹೆಸರಿತ್ತು.

ಕಾಫಿ_ಬೈಟು (11.14)

ಮೂರು ಕಾರು ನಿಲ್ಲಿಸುವ ಗರಾಜ್ ಇದ್ದವರಿಗೆ ಕಷ್ಟ ಅಂತೆ. ನಮ್ಮ ಬೀದಿಯಲ್ಲಿ ಒಂದು ಸ್ಕೂಟರ್ ನಿಲ್ಲಿಸೋಕೆ ಜಗಳ.

ಜಯನಗರ_ನಾಲ್ಕನೇ_ಬ್ಲಾಕ್ (11.22)

ತುಂಗಾತೀರದವರು ಹೇಳಿದ್ದೆಲ್ಲ ಸರಿಯಿದೆ, ಒಪ್ಪುತ್ತೇನೆ. ಆದರೆ ಕಂಪನಿಯನ್ನು ಬೈದ ಮಾತ್ರಕ್ಕೆ ಆಲ್ಬಂ ಚೆನ್ನಾಗಾಗುವುದಿಲ್ಲ. ನಾನೂ ಈಗಷ್ಟೇ ಪೂರ್ತಿ ಕೇಳಿದೆ, ನಿಮ್ಮ ಕಾಟಕ್ಕೆ. ಹದಿನಾಲ್ಕು ವರ್ಷದ ಡ್ರಮ್ಮರ್, ಹದಿನೇಳರ ಹಾಡುಗಾರ, ಹತ್ತೊಂಬತ್ತರ ಗಿಟಾರು. ಅವರು ನುಡಿಸುತ್ತಿರುವುದು ಎಪ್ಪತ್ತರ ದಶಕದ ದಕ್ಷಿಣ ಅಮೆರಿಕನ್ನರ ರಾಕ್ ಮತ್ತು ‘ಸೋಲ್’ ಸಂಗೀತ. ಕೆಲವು ಕಡೆ ಅಪ್ಪನ ಪ್ಯಾಂಟು ಹಾಕಿಕೊಂಡು ಸೊಂಟ ಹಿಡಿದು ಓಡಾಡುವ ಹುಡುಗನ ಹಾಗೆ ಕಾಣುತ್ತದೆ. ಗಂಟಲು ಬೇಕಂತಲೇ ಒರಟು ಮಾಡುತ್ತಾನೆ ಟೇಲರ್. ‘ಇಫ್ ಓನ್ಲಿ’ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಅದು ಚೆನ್ನಾಗಿರುವುದು ಜಾನ್ ಪಾಪರ್ ಮೌತ್ ಆರ್ಗನ್‌ನಿಂದ.

ಡ್ರಮ್ಮರ್_ಹುಬ್ಬಳ್ಳಿ (11.25)

ಅಮೆರಿಕದ ದಕ್ಷಿಣ ರಾಜ್ಯಗಳವರು ಅನ್ನಿ. ದಕ್ಷಿಣ ಅಮೆರಿಕನ್ನರು ಅಂದರೆ ಬ್ರೆಜಿಲ್‌ಗೆ ಹೋಗುತ್ತದೆ 😀

ಅಪ್ಪನ ಪ್ಯಾಂಟಿನ ಮಾತು ಮಾತ್ರ ನಾಟಿತು. ಆದರೆ ಅಪ್ಪನ ಪ್ಯಾಂಟು ಹಾಕಿಕೊಳ್ಳದೆ ಯಾರು ದೊಡ್ಡವರಾಗಿದ್ದಾರೆ ಹೇಳಿ?

ಶ್ರುತಿ_ಪೆಟ್ಟಿಗೆ (ಭಾನುವಾರ, ಬೆಳಿಗ್ಗೆ 6.50)

ಟೇಲರ್ ಬೇಕಂತಲೇ ಒರಟು ಮಾಡುತ್ತಾನೆ ಅಂದಿರಲ್ಲ, ಅದಕ್ಕೆ ನನ್ನದೊಂದು ಕಥೆ.

ನಾನು ಹತ್ತರಿಂದ ಹದಿಮೂರರವರೆಗೆ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಊರಿನ ಹೆಸರು ಬೇಡ, ಆರ್ಕೆಸ್ಟ್ರಾ ಹೆಸರೂ ಬೇಡ. ‘ಮರಿ ಕೋಗಿಲೆ’ ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಐದು ಮನೆ ಶ್ರುತಿ, ಅಂದರೆ ಎತ್ತರದ ದನಿ, ಹೆಂಗಸರ ಹಾಡೆಲ್ಲ ನನ್ನದೇ. ಒಂದು ವರ್ಷ ಹಬ್ಬಕ್ಕೆ ಎರಡು ವಾರ ಮುಂಚೆ ಗಂಟಲು ಕೈಕೊಟ್ಟಿತು. ಮೇಲಿನ ಷಡ್ಜಕ್ಕೆ ಹೋದರೆ ದನಿ ಎರಡು ಹೋಳಾಗುತ್ತದೆ, ಒಂದು ಮೇಲೆ ಹೋಗುತ್ತದೆ, ಇನ್ನೊಂದು ಕೆಳಗೆ ಬೀಳುತ್ತದೆ. ಅಮ್ಮ ಜೇನುತುಪ್ಪ, ಹಿಪ್ಪಲಿ, ಅತಿಮಧುರ ಎಲ್ಲ ಕೊಟ್ಟರು. ಅದೇನು ಕೆಮ್ಮಾ ಹೋಗೋಕೆ?

ಆರ್ಕೆಸ್ಟ್ರಾ ಯಜಮಾನರಿಗೆ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಕೀಬೋರ್ಡಿನವನ ಮುಖ ನೋಡಿ, ‘ಇವನ ಹಾಡು ಆ ಹುಡುಗಿಗೆ ಕೊಡು’ ಅಂದರು. ಆ ವರ್ಷ ಪೆಂಡಾಲಿನಲ್ಲಿ ನಾನು ಕೇಬಲ್ ಸುತ್ತುತ್ತಿದ್ದೆ. ಜನ ಬಂದು ‘ಮರಿ ಕೋಗಿಲೆ ಎಲ್ಲಿ?’ ಅಂತ ನನ್ನನ್ನೇ ಕೇಳಿದರು.

ಒಂದೂವರೆ ವರ್ಷ ಬಾಯಿ ಬಿಡಲಿಲ್ಲ. ಆಮೇಲೆ ಬಂದ ದನಿ ಒಂದೂವರೆ ಮನೆಯದ್ದು, ತುಂಬಾ ಕೆಳಗಿನದ್ದು. ಹೊಸ ದನಿಯಲ್ಲಿ ಮೊದಲು ಹಾಡುವಾಗ ಬೇಕಂತ ಒರಟಾಗಿ ಹಾಡಿದೆ, ನಿಜ. ಯಾಕೆಂದರೆ ಮೆತ್ತಗೆ ಹಾಡಿದರೆ ಹಳೇ ದನಿ ಇಣುಕುತ್ತಿತ್ತು, ಜನ ನಗುತ್ತಾರೆ ಅಂತ ಭಯ. ಟೇಲರ್‌ಗೆ ಇದೆಲ್ಲ ಆಗಿದ್ದು ಜಗತ್ತಿನ ಮುಂದೆ. ‘ಮ್‌ಬಾಪ್’ ಅನ್ನು ಆಮೇಲೆ ಶ್ರುತಿ ಇಳಿಸಿಯೇ ಹಾಡಿದ್ದಾರೆ, ಇಂದಿಗೂ ಹಾಗೇ. ಅದು ‘ಮೆಚ್ಯೂರ್ ಸೌಂಡ್’ ಅಲ್ಲ ಜಯನಗರದವರೇ. ಬೇರೆ ದಾರಿ ಇರುವುದಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್ (8.15)

ಇದಕ್ಕೆ ನಾನು ಏನೂ ಹೇಳಲಾರೆ. ಒರಟಿನ ಮಾತು ವಾಪಸ್ ತೆಗೆದುಕೊಂಡೆ. ಉಳಿದಿದ್ದು ಹಾಗೇ ಇರಲಿ.

ಸುಮ್ನೆ_ಓದುವವಳು (8.30)

ಶ್ರುತಿ ಪೆಟ್ಟಿಗೆ ಅಣ್ಣ, ಈಗಲೂ ಹಾಡ್ತೀರಾ?

ಶ್ರುತಿ_ಪೆಟ್ಟಿಗೆ (8.41)

ಸ್ಕೂಟರ್ ಮೇಲೆ, ಹೆಲ್ಮೆಟ್ ಒಳಗೆ.

ಮಳೆಗಾಲ (9.05)

ನಮ್ಮಲ್ಲಿ ಇದನ್ನು ಸರಿಯಾಗಿ ದಾಟಿದವರು ಅಂದರೆ ಅಪ್ಪು. ಚಿಕ್ಕ ಹುಡುಗನಾಗಿ ‘ಚಲಿಸುವ ಮೋಡಗಳು’ ಸಿನಿಮಾಕ್ಕೆ ‘ಕಾಣದಂತೆ ಮಾಯವಾದನು’ ಹಾಡಿದ್ದು 1982ರಲ್ಲಿ. ‘ಬೆಟ್ಟದ ಹೂವು’ಗೆ ರಾಷ್ಟ್ರ ಪ್ರಶಸ್ತಿ. ಹೀರೋ ಆಗಿ ಬಂದಿದ್ದು 2002ರಲ್ಲಿ. ನಡುವೆ ಹತ್ತು ವರ್ಷಕ್ಕೂ ಜಾಸ್ತಿ ಪರದೆಯಿಂದ ದೂರ. ಹಲ್ಲು, ಮೀಸೆ, ದನಿ ಎಲ್ಲ ನೆಟ್ಟಗಾಗುವವರೆಗೆ ಯಾರೂ ನೋಡಲಿಲ್ಲ. ಬಂದಾಗ ಹೊಸಬರಾಗಿ ಬಂದರು. ಹ್ಯಾನ್ಸನ್‌ಗೆ ಸಿಕ್ಕಿದ್ದು ಮೂರೇ ವರ್ಷ.

ಕಾಫಿ_ಬೈಟು (9.11)

ಅಪ್ಪು ವಿಷಯ ತೆಗೆದರೆ ಈ ಭಾನುವಾರ ಕೆಲಸ ಆದ ಹಾಗೇ. ಆ ಹಾಡಿನಲ್ಲಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತೆ ನೋಡಿ.

ಡ್ರಮ್ಮರ್_ಹುಬ್ಬಳ್ಳಿ (9.20)

ಟಿವಿಯ ಮಕ್ಕಳ ಹಾಡಿನ ಸ್ಪರ್ಧೆಗಳಲ್ಲಿ ಗೆದ್ದ ಎಷ್ಟು ಜನ ಹದಿನೈದಾದ ಮೇಲೆ ಎಲ್ಲಿದ್ದಾರೋ. ಎಂಟು ವರ್ಷದ ಮಗು ವಿರಹದ ಹಾಡು ಹಾಡಿದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಅದೇ ಮಗು ಹದಿನೆಂಟಕ್ಕೆ ನಿಜವಾಗಿ ವಿರಹ ಗೊತ್ತಾಗಿ ಹಾಡಿದರೆ ಯಾರಿಗೂ ಬೇಡ.

ನಿರ್ವಾಹಕ (9.45)

ಗೆಳೆಯರೇ, ಮಕ್ಕಳ ರಿಯಾಲಿಟಿ ಶೋಗೆ ಬೇರೆ ಎಳೆ ಇದೆ. ಅಲ್ಲಿ ಆಗಲೇ ಜಗಳ ಜೋರಾಗಿ ನಡೆದಿದೆ. ಇಲ್ಲಿ ಹ್ಯಾನ್ಸನ್.

ಎಲ್‌ಪಿ_ರಾಯರು (10.30)

ನಿಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಹಿರಿಯ, ಹಾಗಾಗಿ ಇನ್ನೂ ಹಿಂದಿನದ್ದು ಹೇಳುತ್ತೇನೆ.

ಮಂಕೀಸ್ ಗೊತ್ತಲ್ಲ? 1966ರಲ್ಲಿ ಅಮೆರಿಕದ ಒಂದು ಟಿವಿ ಧಾರಾವಾಹಿಗಾಗಿ ನಾಲ್ವರನ್ನು ಆರಿಸಿ ಕಟ್ಟಿದ ಬ್ಯಾಂಡು. ಮೊದಲೆರಡು ಆಲ್ಬಂನಲ್ಲಿ ಅವರ ದನಿ ಇತ್ತು, ವಾದ್ಯವೆಲ್ಲ ಹೆಚ್ಚುಕಮ್ಮಿ ಬೇರೆಯವರದ್ದು. ಸಂಗೀತದ ಹೊಣೆ ಡಾನ್ ಕಿರ್ಷ್‌ನರ್ ಅನ್ನುವವನ ಕೈಯಲ್ಲಿ. ಹುಡುಗರು ತಿರುಗಿಬಿದ್ದರು. ಮೈಕೆಲ್ ನೆಸ್ಮಿತ್ ಸಿಟ್ಟಿನಲ್ಲಿ ಹೋಟೆಲ್ ಗೋಡೆಗೆ ಗುದ್ದಿ ತೂತು ಮಾಡಿದ ಕಥೆ ಇದೆ. ಕಿರ್ಷ್‌ನರ್ ಹೊರಹೋದ. 1967ರಲ್ಲಿ ತಾವೇ ನುಡಿಸಿ ‘ಹೆಡ್‌ಕ್ವಾರ್ಟರ್ಸ್’ ತಂದರು. ಅದು ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಬಂತು. ಎಷ್ಟು ದಿನ? ಒಂದೇ ವಾರ. ಮುಂದಿನ ವಾರ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಬಂದು ಕೂತಿತು. ನಸೀಬು ನೋಡಿ!

ಮೈಕೆಲ್ ಜಾಕ್ಸನ್ ಅಣ್ಣತಮ್ಮಂದಿರ ಜಾಕ್ಸನ್ 5 ಕೂಡ ಹಾಗೇ. ತಮ್ಮ ಹಾಡು ತಾವು ಬರೆಯಬೇಕು ಅಂತ 1975ರಲ್ಲಿ ಮೋಟೌನ್ ಕಂಪನಿ ಬಿಟ್ಟರು. ಹೆಸರನ್ನೂ ಅಲ್ಲೇ ಬಿಟ್ಟು ‘ದ ಜಾಕ್ಸನ್ಸ್’ ಆದರು. ಜರ್ಮೇನ್ ಮಾತ್ರ ಬರಲಿಲ್ಲ, ಅವನು ಮೋಟೌನ್ ಯಜಮಾನನ ಅಳಿಯ. ಸಂಸಾರದ ತಾಪತ್ರಯ ಎಲ್ಲ ಕಡೆಯೂ ಒಂದೇ.

ಒಟ್ಟಿನಲ್ಲಿ ದನಿ ಬದಲಾಯಿಸುವ ಜಗಳ ಹೊರಗೆ ಕಾಣುವುದು. ಒಳಗಿನ ಜಗಳ ಯಾವಾಗಲೂ ಸಹಿ ಯಾರದ್ದು, ಬೀಗದ ಕೈ ಯಾರದ್ದು ಅನ್ನುವುದು.

ಬೇಸ್_ಗಿಟಾರ್ (10.44)

ರಾಯರೇ, ನಮಸ್ಕಾರ. ಆ ‘ಹೆಡ್‌ಕ್ವಾರ್ಟರ್ಸ್’ ಎಲ್‌ಪಿ ನಿಮ್ಮ ಹತ್ತಿರ ಇದೆಯಾ? ಕೊಡುವುದಾದರೆ ಈಗಲೇ ಹೊರಟೆ.

ಎಲ್‌ಪಿ_ರಾಯರು (10.50)

ಇದೆ. ಕೊಡುವುದಿಲ್ಲ. ಬಂದು ಕೇಳಿ, ಕಾಫಿ ಕೊಡುತ್ತೇನೆ.

ಜಯನಗರ_ನಾಲ್ಕನೇ_ಬ್ಲಾಕ್ (11.02)

ಬೀಟಲ್ಸೇ ಉದಾಹರಣೆ ಅಲ್ವಾ? ಹುಡುಗಿಯರು ಕಿರುಚುವ ಬ್ಯಾಂಡಾಗಿ ಶುರುಮಾಡಿ ‘ಸಾರ್ಜೆಂಟ್ ಪೆಪ್ಪರ್’ ತನಕ ಬಂದರು. ಅವರಿಗೆ ಸಾಧ್ಯವಾಯಿತು. ಇವರಿಗೆ ಯಾಕಾಗಲಿಲ್ಲ? ಪ್ರತಿಭೆ ಅಷ್ಟಿರಲಿಲ್ಲ, ಅಷ್ಟೇ. ಅದನ್ನು ಹೇಳೋಕೆ ಯಾಕೆ ಎಲ್ಲರಿಗೂ ಸಂಕೋಚ?

ತುಂಗಾತೀರ (11.15)

1963ರಲ್ಲಿ ಲೆನನ್, ರಿಂಗೋ ಇಬ್ಬರಿಗೂ ಇಪ್ಪತ್ತೆರಡು. ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ನುಡಿಸಿ ಬಂದವರು. ಕೇಳುವವರು ಹದಿಹರೆಯದವರು, ಬ್ಯಾಂಡಲ್ಲ. ಹನ್ನೊಂದು ವರ್ಷದ ಡ್ರಮ್ಮರ್ ಇರುವ ಬ್ಯಾಂಡಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಬೀಟಲ್ಸ್ ಜೊತೆ ಹೋಲಿಸಿದರೆ ಯಾರು ಉಳಿಯುತ್ತಾರೆ ಹೇಳಿ? ನಮ್ಮ ಬೀದಿಯ ಟೈಲರ್ ಅಂಗಡಿಯವನನ್ನು ಪ್ಯಾರಿಸ್‌ನವರ ಜೊತೆ ಹೋಲಿಸಿದ ಹಾಗೆ.

ಕಾಫಿ_ಬೈಟು (11.18)

ನಮ್ಮ ಬೀದಿ ಟೈಲರ್ ಬ್ಲೌಸ್ ಕೊಡೋದೂ ಹಬ್ಬ ಮುಗಿದ ಮೇಲೆ.

ಸುಮ್ನೆ_ಓದುವವಳು (11.40)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ.

ನೀವೆಲ್ಲ ‘ಮ್‌ಬಾಪ್’ ಮಕ್ಕಳ ಹಾಡು, ‘ದಿಸ್ ಟೈಮ್ ಅರೌಂಡ್’ ದೊಡ್ಡವರದ್ದು ಅಂತ ಒಪ್ಪಿಕೊಂಡೇ ವಾದ ಮಾಡುತ್ತಿದ್ದೀರಿ. ‘ಮ್‌ಬಾಪ್’ ಮಾತುಗಳನ್ನು ಯಾರಾದರೂ ಕೇಳಿದ್ದೀರಾ? ಬದುಕಿನಲ್ಲಿ ನಂಟು ಎಷ್ಟೋ ಬರುತ್ತವೆ, ಉಳಿಯುವುದು ಒಂದೋ ಎರಡೋ. ಮುದುಕರಾಗಿ ಕೂದಲು ಉದುರುವ ಕಾಲಕ್ಕೆ ಜೊತೆಗೆ ಯಾರಿರುತ್ತಾರೆ? ಆ ‘ಮ್‌ಬಾಪ್’ ಅನ್ನುವ ಅರ್ಥವಿಲ್ಲದ ಶಬ್ದ ಇದೆಯಲ್ಲ, ಅದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ಅಷ್ಟರಲ್ಲಿ ಎಲ್ಲ ಹೋಗಿರುತ್ತದೆ. ಇದು ಮಕ್ಕಳ ಹಾಡಾ? ನಮ್ಮಜ್ಜಿ ದಾಸರ ಪದ ಹೇಳಿ ಮುಗಿಸಿ ‘ಯಾರಿಗೆ ಯಾರುಂಟೇ’ ಅಂತ ನಿಟ್ಟುಸಿರು ಬಿಡುತ್ತಿದ್ದರು. ಅದಕ್ಕೂ ಇದಕ್ಕೂ ತುಂಬಾ ದೂರ ಇಲ್ಲ.

1996ರ ಆಲ್ಬಂನಲ್ಲಿ ಇದೇ ಹಾಡು ನಿಧಾನವಾಗಿದೆ. ಅದನ್ನು ಕೇಳಿ ನೋಡಿ, ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆಮೇಲೆ ವೇಗ ಹೆಚ್ಚಿಸಿ, ತಿರುಗುವ ರೆಕಾರ್ಡನ್ನು ಕೈಯಲ್ಲಿ ಗೀರುವ ಸದ್ದು ಸೇರಿಸಿ, ಬಿಸಿಲಲ್ಲಿ ಓಡುವ ವಿಡಿಯೋ ಮಾಡಿದರು. ನಾವು ಕುಣಿದೆವು.

ಅಂದರೆ ದೊಡ್ಡತನ ಮೊದಲಿಂದಲೂ ಇತ್ತು. ಎರಡನೆಯದರಲ್ಲಿ (ಸರಿ, ಐದನೆಯದರಲ್ಲಿ) ಅದನ್ನು ಕೇಳಿಸುವ ಹಾಗೆ ಮುಂದಿಟ್ಟರು. ಆಗ ‘ನಮಗೆ ಬೇಕಾಗಿದ್ದು ಇದಲ್ಲ’ ಅಂದೆವು.

ಜಯನಗರ_ನಾಲ್ಕನೇ_ಬ್ಲಾಕ್ (11.58)

ನಿಧಾನದ್ದು ಹುಡುಕಿ ಕೇಳಿದೆ.

ಹ್ಮ್.

ಡ್ರಮ್ಮರ್_ಹುಬ್ಬಳ್ಳಿ (12.01)

ಜಯನಗರದವರು ‘ಹ್ಮ್’ ಅಂದರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಡಲ್ಲಾಸ್_ಕನ್ನಡಿಗ (ಭಾನುವಾರ, ರಾತ್ರಿ 8.20)

ತಡವಾಗಿ ಬಂದೆ, ಇಲ್ಲಿ ಈಗ ಬೆಳಗಾಯಿತು.

ಹ್ಯಾನ್ಸನ್‌ರ ಸಂಗೀತ ಕಚೇರಿಗೆ ಒಂದು ಸಲ ಹೋಗಿದ್ದೇನೆ. ಇಲ್ಲಿಂದ ಟಲ್ಸಾ ನಾಲ್ಕು ಗಂಟೆಗೆ ಸ್ವಲ್ಪ ಮೇಲೆ, ಕಾರಿನಲ್ಲಿ. ಕೇನ್ಸ್ ಬಾಲ್‌ರೂಂ ಅಂತ ಹಳೇ ನೃತ್ಯಶಾಲೆ. ಹಳೇ ವಾದ್ಯಗಾರ ಬಾಬ್ ವಿಲ್ಸ್ ಕಾಲದಿಂದ ಹೆಸರುವಾಸಿ. ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಶಿಯಸ್ 1978ರಲ್ಲಿ ಗೋಡೆಗೆ ಗುದ್ದಿದ್ದ ಅಂತ ಆ ತೂತಿಗೆ ಚೌಕಟ್ಟು ಹಾಕಿ ಇಟ್ಟಿದ್ದಾರೆ! ರಾಯರು ನೆಸ್ಮಿತ್ ಗೋಡೆ ಹೇಳಿದಾಗ ಇದೇ ನೆನಪಾಯಿತು.

ನನ್ನ ಹೆಂಡತಿಗೆ ಇಷ್ಟ ಅಂತ ಹೋಗಿದ್ದು. ನನಗೆ ಆಸಕ್ತಿ ಇರಲಿಲ್ಲ, ಹಿಂದೆ ಗೋಡೆಗೊರಗಿ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದೆ. ಸುತ್ತಮುತ್ತ ಮೂವತ್ತು, ನಲವತ್ತರ ಹೆಂಗಸರು, ಕೆಲವರ ಜೊತೆ ಮಕ್ಕಳು. ಎಲ್ಲರಿಗೂ ಎಲ್ಲ ಹಾಡೂ ಬಾಯಿಪಾಠ. ನಾನು ಹೆಸರೇ ಕೇಳಿರದ ಹಾಡುಗಳು. ‘ಮ್‌ಬಾಪ್’ ನಡುವಿನಲ್ಲಿ ಎಲ್ಲೋ ಬಂತು, ಹೋಯಿತು. ನಾನು ಅದೇ ಕೊನೆ ಅಂದುಕೊಂಡು ಜಾಕೆಟ್ ಹಾಕಿಕೊಂಡಿದ್ದೆ, ಇನ್ನೂ ಮುಕ್ಕಾಲು ಗಂಟೆ ಇತ್ತು. ಕೊನೆಗೆ ಮೂವರೂ ಮೈಕ್ ಬಿಟ್ಟು ಮುಂದೆ ಬಂದು ಬರೀ ಬಾಯಲ್ಲಿ ಹಾಡಿದರು. ಫೋನು ಜೇಬಿಗೆ ಹಾಕಿದೆ. ಅಣ್ಣತಮ್ಮಂದಿರ ದನಿ ಒಂದರೊಳಗೆ ಒಂದು ಕೂರುವುದು ಬೇರೆಯೇ ಥರ, ಅಭ್ಯಾಸದಿಂದ ಬರುವಂಥದ್ದಲ್ಲ.

‘ಓಡಲಿಲ್ಲ’ ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಪಟ್ಟಿಯಲ್ಲಿ ಓಡಲಿಲ್ಲ, ಅಷ್ಟೇ. ಪ್ರತಿ ಮೇ ತಿಂಗಳು ಟಲ್ಸಾಕ್ಕೆ ದೇಶ ವಿದೇಶದಿಂದ ಅಭಿಮಾನಿಗಳು ಬರುತ್ತಾರೆ. 2018ರಲ್ಲಿ ವಾದ್ಯವೃಂದ ಇಟ್ಟುಕೊಂಡು ‘ಸ್ಟ್ರಿಂಗ್ ಥಿಯರಿ’ ಮಾಡಿದರು. 2022ರಲ್ಲಿ ಮೂವರೂ ಪಾಲು ಹಂಚಿಕೊಂಡ ಹಾಗೆ ಒಬ್ಬೊಬ್ಬರ ಹಾಡು ಬೇರೆ ಬೇರೆ ಇಟ್ಟು ಒಂದು ಆಲ್ಬಂ. ಬಿಯರ್ ಕೂಡ ಮಾಡುತ್ತಾರೆ. ಅದರ ಹೆಸರು ‘ಮ್‌ಹಾಪ್ಸ್’.

ಕಾಫಿ_ಬೈಟು (8.24)

ಈಗ ನಿಜವಾಗಿಯೂ ದೊಡ್ಡವರಾದರು.

ಜಯನಗರ_ನಾಲ್ಕನೇ_ಬ್ಲಾಕ್ (8.37)

ಬಿಯರ್ ಹೇಗಿದೆ? ಆ ಬಗ್ಗೆ ಮಾತ್ರ ನನಗೆ ಪೂರ್ವಗ್ರಹ ಇಲ್ಲ.

ಡಲ್ಲಾಸ್_ಕನ್ನಡಿಗ (8.45)

ನಾಲ್ಕು ಗಂಟೆ ಕಾರು ಓಡಿಸಬೇಕಿತ್ತಲ್ಲ, ನಿಂಬೆ ಸೋಡಾ ಕುಡಿದೆ. ಹೆಂಡತಿ ಕುಡಿದು ‘ಕಹಿ’ ಅಂದಳು.

ಕ್ಯಾಸೆಟ್_ಕಾಲ (9.30)

ಒಂದು ದಿನದಲ್ಲಿ ಇಷ್ಟು ಬರೆದಿದ್ದೀರಿ! ಸುಮ್ನೆ ಓದುವವಳ ಮಾತು ಓದಿ ಎರಡು ಆಲ್ಬಮ್ಮೂ ಒಂದಾದ ಮೇಲೊಂದು ಮತ್ತೆ ಕೇಳಿದೆ. ಮಗಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು, ಅವಳಿಗೂ ಹದಿನಾಲ್ಕು. ‘ದಿಸ್ ಟೈಮ್ ಅರೌಂಡ್’ ಮುಗಿಯುವ ಹೊತ್ತಿಗೆ ತಲೆ ಎತ್ತಿ ‘ಅಮ್ಮಾ, ಹಿಂದಿನದ್ದು ಹಾಕು’ ಅಂದಳು. ನನಗೆ ನಗು ಬಂತು.

ಜಯನಗರದವರೇ, ಅಪ್ಪನ ಪ್ಯಾಂಟಿನ ಮಾತು ಮೂರನೇ ಹಾಡಿನಲ್ಲಿ ನನಗೂ ಸ್ವಲ್ಪ ಹಾಗೇ ಅನ್ನಿಸಿತು. ಸ್ವಲ್ಪ.

ಈಗ ನಿಜವಾದ ಸಮಸ್ಯೆ. ಆ ಎರಡನೇ ಕ್ಯಾಸೆಟ್ ತಿರುಗಿಸಿ ನೋಡಿದೆ. ಕೆಳಗೆ ನಡುವಿನಲ್ಲಿ ತಾಮ್ರದ ಪಟ್ಟಿಯ ಮೇಲೆ ಸಣ್ಣ ಬಟ್ಟೆ ತುಂಡು ಇರುತ್ತಲ್ಲ, ಅದು ಉದುರಿಹೋಗಿದೆ. ಅದಕ್ಕೇ ಬಾವಿ ಸದ್ದು. ಯಾರಿಗಾದರೂ ಇದರ ರಿಪೇರಿ ಗೊತ್ತಾ?

ಎಲ್‌ಪಿ_ರಾಯರು (9.42)

ಸುಲಭ. ಬೇಡವಾದ ಇನ್ನೊಂದು ಕ್ಯಾಸೆಟ್ ತೆಗೆದುಕೊಳ್ಳಿ. ಐದು ಸ್ಕ್ರೂ ಇರುವಂಥದ್ದು ನೋಡಿ, ಅಂಟಿಸಿದ್ದು ಬೇಡ, ಒಡೆಯಬೇಕಾಗುತ್ತದೆ. ಬಿಚ್ಚಿ ಅದರ ಪಟ್ಟಿಯನ್ನು ಬಟ್ಟೆ ಸಮೇತ ಎತ್ತಿ ಇದಕ್ಕೆ ಕೂರಿಸಿ. ಇದೂ ಅಂಟಿಸಿದ್ದಾದರೆ ಇದರ ರೀಲುಗಳನ್ನೇ ಅದರ ಪೆಟ್ಟಿಗೆಗೆ ವರ್ಗಾಯಿಸಿ. ಟೇಪ್ ತಿರುಚದ ಹಾಗೆ ನೋಡಿಕೊಳ್ಳಿ. ಫ್ಯಾನ್ ಆರಿಸಿ ಮಾಡಿ, ಇಲ್ಲದಿದ್ದರೆ ಮನೆಯೆಲ್ಲ ಟೇಪು.

ಕ್ಯಾಸೆಟ್_ಕಾಲ (10.15)

ಸ್ಕ್ರೂ ಇರುವುದು ಡಬ್ಬಿಯಲ್ಲಿ ಎರಡೇ ಇವೆ ರಾಯರೇ. ಒಂದು ರಾಜ್‌ಕುಮಾರ್ ಭಕ್ತಿಗೀತೆ, ಅದಕ್ಕೆ ಕೈ ಹಾಕಿದರೆ ಅಮ್ಮ ಮನೆಯಿಂದ ಆಚೆ ಹಾಕುತ್ತಾರೆ. ಇನ್ನೊಂದು ಅಕ್ಕನ ಬ್ಯಾಕ್‌ಸ್ಟ್ರೀಟ್ ಬಾಯ್ಸ್.

ಡ್ರಮ್ಮರ್_ಹುಬ್ಬಳ್ಳಿ (10.17)

ಅಕ್ಕನಿಗೆ ಹೇಳಬೇಡಿ.

ಕ್ಯಾಸೆಟ್_ಕಾಲ (10.58)

ಫ್ಯಾನ್ ಆರಿಸಿದ್ದೇನೆ. ನಾಲ್ಕು ಸ್ಕ್ರೂ ಬಂತು. ಐದನೆಯದು ತುಕ್ಕು ಹಿಡಿದಿದೆ.